ನಟ್ಟಿನ ಮೇಲಿನ ಕೆಂಪು ಗೆರೆ

ಭಾಲ್ಕಿಯಲ್ಲಿ ಗಾಡಿ ರಿಪೇರಿ ಮಾಡುವವರಿಗೆ ಬರವಿಲ್ಲ. ಓಡುವ ಗಾಡಿ ದಾರಿಯಲ್ಲಿ ನಿಂತರೆ ಹತ್ತು ಜನ ಸೇರುತ್ತಾರೆ, ಹತ್ತು ಮಾತು ಹೇಳುತ್ತಾರೆ. ಆದರೆ ಕೂತ ಗಾಡಿ ಏಳದಿದ್ದರೆ, ಅಂದರೆ ಸಂಜೆ ಚೆನ್ನಾಗಿಯೇ ಬಂದು ನಿಂತದ್ದು ಬೆಳಿಗ್ಗೆ ಕೀಲಿ ತಿರುವಿದಾಗ ಕೆಮ್ಮಿ ಕೆಮ್ಮಿ ಸುಮ್ಮನಾದರೆ, ಜನ ಹುಡುಕುವುದು ಧೊಂಡಿಬಾನನ್ನು. ಔರಾದ್‌ನಿಂದಲೂ ಅವನಿಗೆ ಫೋನು ಬರುತ್ತದೆ. ಎಲ್ಲರಿಗೂ ಅವನು ಹೇಳುವುದು ಒಂದೇ ಮಾತು: ನಾನು ಬರುವ ತನಕ ಕೀಲಿ ಮುಟ್ಟಬೇಡಿ.

ಅದು ಸೊಕ್ಕಿನ ಮಾತಲ್ಲ. ಕೂತ ಗಾಡಿಯ ರೋಗ ದಿನಕ್ಕೆ ಒಂದೇ ಸಲ ಕಾಣಿಸುತ್ತದೆ. ಒಮ್ಮೆ ಎಂಜಿನ್ ಬಿಸಿಯಾಯಿತೆಂದರೆ ಗಾಡಿ ಏನೂ ಆಗಿಲ್ಲವೆಂಬಂತೆ ಸಭ್ಯವಾಗಿಬಿಡುತ್ತದೆ. ಮತ್ತೆ ರಾತ್ರಿಯೆಲ್ಲ ಕೂರಿಸಿ ಮಾರನೆಯ ಬೆಳಿಗ್ಗೆಯೇ ನೋಡಬೇಕು. ಆದರೆ ನಮ್ಮ ಕಡೆಯ ಜನರ ಮರ್ಯಾದೆ ಎಂಥದೆಂದರೆ, ಮನೆಗೆ ಬರುವವನಿಗೆ ತ್ರಾಸವಾಗಬಾರದೆಂದು ಓಣಿಯವರನ್ನೆಲ್ಲ ಕರೆದು, ತಳ್ಳಿ, ಗಾಡಿ ಚಾಲೂ ಮಾಡಿ, "ನೀವು ಬರ್ತೀರಂತ ತಯಾರ ಮಾಡಿ ಇಟ್ಟೇವ್ರಿ" ಎಂದು ನಗುತ್ತ ನಿಂತಿರುತ್ತಾರೆ. ಧೊಂಡಿಬಾ ಅವರ ಚಹಾ ಕುಡಿದು, ನಾಳೆ ಬರುತ್ತೇನೆಂದು ಎದ್ದು ಹೋಗುತ್ತಾನೆ. ಇಂಥ ಮರ್ಯಾದೆಯಲ್ಲಿ ಅವನ ಆಯುಷ್ಯದ ಎಷ್ಟು ಬೆಳಗು ಹಾಳಾಗಿವೆಯೋ ಅವನಿಗೇ ಗೊತ್ತಿಲ್ಲ.

ಅವನ ಅಪ್ಪ ಭಾತಂಬ್ರಾದ ಕುರಿಗಾರ. ಹದಿನಾರನೆಯ ವಯಸ್ಸಿಗೆ ಧೊಂಡಿಬಾ ಕುರಿ ಬಿಟ್ಟು ಬೀದರಿಗೆ ಹೋದ. ಗಾಂಧಿ ಗಂಜ್ ಎಂಬ ಧಾನ್ಯದ ಪೇಟೆಗೆ ಕಾಳು ತರುವ ಲಾರಿಗಳ ಕೆಳಗೆ ಬೆನ್ನು ಹಾಸಿ ಹತ್ತು ವರ್ಷ ಕೆಲಸ ಕಲಿತ. ಕಲಿಸಿದವರು ಫಕ್ರೋದ್ದೀನ ಉಸ್ತಾದರು. ಅವರು ಬೈಯುವುದಕ್ಕೆ ಬಾಯಿ ತೆರೆದಷ್ಟು ಕಲಿಸುವುದಕ್ಕೆ ತೆರೆಯುತ್ತಿರಲಿಲ್ಲ. ಆದರೂ ಒಂದು ಮಾತು ಕೊಟ್ಟು ಹೋದರು: "ಗಾಡಿ ಝೂಟ್ ನೈ ಬೋಲ್ತಿ, ಮಾಲಿಕ್ ಬೋಲ್ತಾ." ಗಾಡಿ ಸುಳ್ಳು ಹೇಳುವುದಿಲ್ಲ, ಹೇಳುವವನು ಅದರ ಮಾಲೀಕ. ಧೊಂಡಿಬಾ ಈ ಮಾತನ್ನು ಊರ ತುಂಬ ಹೇಳಿ ನಗಿಸಿದ್ದಾನೆ. ಅದು ಒಂದು ದಿನ ತನಗೇ ಕಣ್ಣೀರು ತರಿಸುತ್ತದೆಂದು ತಿಳಿದಿದ್ದರೆ ಹೇಳುತ್ತಿರಲಿಲ್ಲ.

ಅಪ್ಪನಿಂದ ಅವನಿಗೆ ಬಂದದ್ದು ಎರಡು. ಒಂದು, ಕೆಂಪು ಗುರುತು. ಕುರಿಗೆ ಗುರುತು ಹಾಕಲು ಅಪ್ಪ ಕೆಮ್ಮಣ್ಣನ್ನು ಎಣ್ಣೆಯಲ್ಲಿ ಕಲಸಿಡುತ್ತಿದ್ದ. ಧೊಂಡಿಬಾ ಅದೇ ಬಣ್ಣವನ್ನು ಡಬ್ಬಿಯಲ್ಲಿಟ್ಟುಕೊಂಡು, ಬಿಗಿದ ಪ್ರತಿಯೊಂದು ನಟ್ಟಿನ ಮೇಲೆ ಅಡ್ಡಗೆರೆ ಎಳೆಯುತ್ತಾನೆ: ಅರ್ಧ ನಟ್ಟಿನ ಮೇಲೆ, ಅರ್ಧ ಪಕ್ಕದ ಕಬ್ಬಿಣದ ಮೇಲೆ. ನಟ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿಯುತ್ತದೆ. ಬಾನೆಟ್ ಎತ್ತಿದ ಬೇರೆ ಮೆಕ್ಯಾನಿಕರು ಆ ಗೆರೆ ಕಂಡರೆ, ಇಲ್ಲಿ ಧೊಂಡಿಬಾನ ಕೈ ಆಡಿದೆ ಎಂದು ಬಾಯಿ ಮುಚ್ಚಿಕೊಳ್ಳುತ್ತಾರೆ. ಎರಡನೆಯದು ಅಪ್ಪನ ಒಂದು ಪದ್ಧತಿ. ರೋಗದ ಕುರಿ ಮಂದೆ ಬಿಟ್ಟು ದೂರ ಹೋಗಿ ಕೂತರೆ ಅಪ್ಪ ಅದನ್ನು ಎತ್ತಿ ನಿಲ್ಲಿಸುತ್ತಿದ್ದ. ಮತ್ತೆ ಕೂತರೆ ಮತ್ತೆ ಎತ್ತುತ್ತಿದ್ದ. "ಮೂರು ಸರ್ತಿ ಎಬ್ಬಿಸೋದು ನಮ್ಮ ಕೆಲಸ. ನಾಕನೇ ಸರ್ತಿ ಅದರ ಬಾಜು ಕೂಡೋದು" ಎನ್ನುತ್ತಿದ್ದ, ಹಾಗೆಂದು ಕುರಿಯ ಪಕ್ಕದಲ್ಲೇ ಕೂತುಬಿಡುತ್ತಿದ್ದ. ಈ ಎರಡನೆಯದು ಗಾಡಿಗಳ ಕೆಲಸಕ್ಕೆ ಬರುವುದಿಲ್ಲವೆಂದು ಧೊಂಡಿಬಾ ಅದನ್ನು ಮರೆತೇಬಿಟ್ಟಿದ್ದ. ನಲವತ್ತು ವರ್ಷದಲ್ಲಿ ಅವನು ಯಾವ ಗಾಡಿಯ ಮುಂದೆಯೂ ತಿಳಿಯಲಿಲ್ಲ ಅಂದವನಲ್ಲ.

ಶಿವರಾಜ ಸರ್ ಭಾಲ್ಕಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿ ನಿವೃತ್ತರಾದವರು. ಅವರ ಹೆಂಡತಿ ಪ್ರಮಿಲಾ ಹೆಣ್ಣುಮಕ್ಕಳ ಶಾಲೆಯಲ್ಲಿ ಕನ್ನಡ, ಮರಾಠಿ ಎರಡನ್ನೂ ಕಲಿಸಿದವರು. ಒಬ್ಬಳೇ ಮಗಳು ಮಂಜಿರಿ ಔರಾದ್‌ನಲ್ಲಿ ಶಿಕ್ಷಕಿ. ಮೂರು ವರ್ಷದ ಹಿಂದೆ ಸರ್ ಅವರ ಮೂತ್ರಪಿಂಡ ಎರಡೂ ಕೈಬಿಟ್ಟವು. ಮಂಗಳವಾರ, ಶುಕ್ರವಾರ ಬೆಳಿಗ್ಗೆ ಆರೂವರೆಗೆ ಬೀದರಿನ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಯಂತ್ರದ ಪಕ್ಕ ಮಲಗಬೇಕು. ತಡವಾದರೆ ಯಂತ್ರ ಮುಂದಿನ ರೋಗಿಗೆ ಹೋಗುತ್ತದೆ. ತಪ್ಪಿದರೆ ಕಾಲು ಊದುತ್ತದೆ, ಉಸಿರು ಕಟ್ಟುತ್ತದೆ. ಕುಡಿಯುವ ನೀರಿಗೂ ಅಳತೆ. ಪ್ರಮಿಲಾ ಒಂದು ಸಣ್ಣ ಸ್ಟೀಲ್ ಬಟ್ಟಲು ಗೊತ್ತುಮಾಡಿದ್ದರು. ನೀರೋ ಚಹಾವೋ ಮಜ್ಜಿಗೆಯೋ, ದಿನಕ್ಕೆ ಅಂಥ ಆರು ಬಟ್ಟಲು, ಏಳನೆಯದಿಲ್ಲ.

ಬೆಳಗಿನ ಐದಕ್ಕೆ ಬಾಡಿಗೆ ಗಾಡಿಯವರು ಇವತ್ತು ಬಂದರೆ ನಾಳೆ ಇಲ್ಲ. ಹಾಗಾಗಿ ಪ್ರಮಿಲಾ ಐವತ್ತೊಂಬತ್ತರ ವಯಸ್ಸಿನಲ್ಲಿ ಗಾಡಿ ಕಲಿಯಲು ಹೊರಟರು. ಮನೆಯ ಹಳೆಯ ಡೀಸೆಲ್ ಕಾರಿನಲ್ಲಿ, ಭಾನುವಾರ ಖಾಲಿಯಿರುವ ಮಾರುಕಟ್ಟೆ ಅಂಗಳದಲ್ಲಿ, ಪಕ್ಕದ ಸೀಟಿನಲ್ಲಿ ಕೂತು ಕಲಿಸಿದವನು ಧೊಂಡಿಬಾ. ಗಾಡಿ ಕುಲುಕಿ ನಿಂತಾಗಲೆಲ್ಲ ಅವರು ಅದಕ್ಕೆ ಮರಾಠಿಯಲ್ಲಿ ಬೈಯುತ್ತಿದ್ದರು. ಕನ್ನಡದಲ್ಲಿ ಯಾಕೆ ಬೈಯುವುದಿಲ್ಲವೆಂದು ಕೇಳಿದರೆ, ಕನ್ನಡ ಮನೆಯವರಿಗೆ ಬೇಕಲ್ಲ ಅಂದರು. ಎರಡು ತಿಂಗಳಲ್ಲಿ ಅವರು ಬೀದರ್ ರಸ್ತೆಯಲ್ಲಿ ಲಾರಿಯವರಿಗೇ ದಾರಿ ಬಿಡದಂತೆ ಓಡಿಸತೊಡಗಿದರು. ಗಂಡನನ್ನು ಉಳಿಸಿಕೊಳ್ಳುತ್ತೇನೆಂಬ ಹಟ ಅದು. ಧೊಂಡಿಬಾನಿಗೆ ಅವರನ್ನು ಕಂಡರೆ ಹೆಮ್ಮೆ, ಸ್ವಲ್ಪ ಭಯ.

ಹೋದ ಮಳೆಗಾಲ ಮುಗಿಯುವ ಹೊತ್ತಿಗೆ ಕಾರು ಬೆಳಿಗ್ಗೆ ಏಳಲು ತಕರಾರು ಶುರುಮಾಡಿತು. ಧೊಂಡಿಬಾ ಮೊದಲ ದಿನ ಹೋದಾಗ ಪ್ರಮಿಲಾ ನಾಲ್ಕೂವರೆಗೇ ಎದ್ದು, ಹಾಲಿನವನ ಕೈಯಲ್ಲಿ ತಳ್ಳಿಸಿ, ಗಾಡಿ ಚಾಲೂ ಮಾಡಿಟ್ಟಿದ್ದರು. ಊರಿಗೆಲ್ಲ ಪಾಠ ಹೇಳುವ ಟೀಚರೂ ಈ ತಪ್ಪಿಗೆ ಹೊರತಲ್ಲ. ಧೊಂಡಿಬಾ ಚಹಾ ಕುಡಿದು ಹೊರಟ. ಎರಡನೆಯ ಸಲ ಕೀಲಿಯನ್ನೇ ತನ್ನ ಜೇಬಿಗೆ ಹಾಕಿಕೊಂಡು ಹೋಗಿ, ಬೆಳಿಗ್ಗೆ ತಾನೇ ಬಂದು ತಿರುವಿದ. ಬ್ಯಾಟರಿ ಜೋರಾಗಿ ತಿರುಗಿಸುತ್ತಿತ್ತು, ಅದರ ತಪ್ಪಲ್ಲ. ಹೀಟರ್ ಪ್ಲಗ್‌ಗಳನ್ನು ಬಿಚ್ಚಿ ಬ್ಯಾಟರಿಯ ತಂತಿ ತಾಗಿಸಿದ, ಕೆಂಡದಂತೆ ಕೆಂಪಾದವು, ಅವುಗಳ ತಪ್ಪೂ ಅಲ್ಲ. ಹೊಗೆ ಬರಲಿಲ್ಲ. ಹೊಗೆಯಿಲ್ಲವೆಂದರೆ ಎಂಜಿನ್‌ಗೆ ಡೀಸೆಲ್ಲೇ ಮುಟ್ಟುತ್ತಿಲ್ಲ. ಫಿಲ್ಟರಿನ ಮೇಲಿನ ಕೈಪಂಪು ಇಪ್ಪತ್ತು ಸಲ ಒತ್ತಿದ ಮೇಲೆ ಗಾಡಿ ಒಂದೇ ಏಟಿಗೆ ಎದ್ದಿತು.

ಶಿವರಾಜ ಸರ್ ಶಾಲು ಹೊದ್ದು ಅಂಗಳಕ್ಕೆ ಬಂದು ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಬಹಳ ದಿನಗಳ ಮೇಲೆ ಅವರ ಮುಖದಲ್ಲಿ ತರಗತಿಯ ಕಳೆ ಬಂದಿತ್ತು. ಧೊಂಡಿಬಾನಿಗೂ ಉಮೇದು ಬಂತು. ಫಿಲ್ಟರಿನ ಮುಂದೆ ಒಂದು ಗೇಣುದ್ದ ಪಾರದರ್ಶಕ ನಳಿಗೆ ಸೇರಿಸಿ, ಮಾರನೆಯ ಬೆಳಿಗ್ಗೆ ಟಾರ್ಚ್ ಬೆಳಕಿನಲ್ಲಿ ತೋರಿಸಿದ: ನಳಿಗೆಯಲ್ಲಿ ಡೀಸೆಲ್ಲಿನ ಬದಲು ಗಾಳಿಯ ಗುಳ್ಳೆಗಳು. "ನೋಡ್ರಿ ಸರ, ಎಣ್ಣಿ ಹೊರಗ ಸೋರಂಗಿಲ್ಲ, ಅದಕ್ಕೇ ಯಾರಿಗೂ ಕಾಣಂಗಿಲ್ಲ. ಗಾಳಿ ಒಳಗ ಹೋಗ್ತದ. ರಾತ್ರಿ ಪೂರಾ ಎಣ್ಣಿ ಸಾವಕಾಶ ತಿರುಗಿ ಟ್ಯಾಂಕಿಗಿ ಇಳೀತದ. ಈ ಪೈಪಿನ ನಟ್ಟು ಅರ್ಧಾ ಸುತ್ತು ಸಡ್ಲ ಇದ್ರ ಸಾಕ್ರಿ." ಸರ್ ಬಾಗಿ ನೋಡಿದರು. ವಾಯುವಿನ ಒತ್ತಡದ ಬಗ್ಗೆ ಎರಡು ಮಾತು ಹೇಳಿದರು. ಪ್ರಮಿಲಾ ಟಾರ್ಚ್ ಹಿಡಿದು ನಿಂತು ಇಬ್ಬರ ಮಾತನ್ನೂ ಕೇಳಿಸಿಕೊಂಡರು. ನಟ್ಟಿನ ಕೆಳಗಿನ ತಾಮ್ರದ ವಾಷರ್ ಸವೆದಿತ್ತು. ಧೊಂಡಿಬಾ ಹೊಸದು ಹಾಕಿ, ಹದಿನೇಳರ ಪಾನಾದಿಂದ, ಅಂದರೆ ಸ್ಪ್ಯಾನರಿನಿಂದ, ಬಿಗಿದು, ಕೆಂಪು ಗೆರೆ ಎಳೆದ. ನಳಿಗೆ ತೆಗೆದು ಪೈಪನ್ನು ಮೊದಲಿನಂತೆ ಕೂಡಿಸಿದ. ಅಂದು ಆ ಮನೆಯಲ್ಲಿ ಮೂವರೂ ನಕ್ಕಿದ್ದರು.

ಮೂರು ವಾರ ಗಾಡಿ ಬೆಣ್ಣೆಯಂತೆ ಎದ್ದಿತು. ನಾಲ್ಕನೆಯ ಮಂಗಳವಾರ ಐದಕ್ಕೆ ಮತ್ತೆ ಫೋನು. ಧೊಂಡಿಬಾ ಕಂಬಳಿ ಹೊದ್ದು ಬೈಕಿನಲ್ಲಿ ಬಂದು ಬಾನೆಟ್ ಎತ್ತಿದ. ಗೆರೆ ಮುರಿದಿತ್ತು. ನಟ್ಟಿನ ಮೇಲಿನ ತುಂಡು ಒಂದು ಕಡೆ, ಕಬ್ಬಿಣದ ಮೇಲಿನದು ಒಂದು ಕಡೆ, ನಡುವೆ ಸರಿಯಾಗಿ ಅರ್ಧ ಸುತ್ತು. ಅಲುಗಾಟಕ್ಕೆ ನಟ್ಟು ಸಡಿಲಾಗುವುದುಂಟು. ಆದರೆ ಅಲುಗಾಡಿ ಸಡಿಲಾದ ನಟ್ಟಿನ ಅಂಚಿನಲ್ಲಿ ಪಾನಾದ ಹೊಸ ಗೀರು ಹೊಳೆಯುವುದಿಲ್ಲ. ಗೇಟಿಗೆ ರಾತ್ರಿ ಬೀಗವಿರುತ್ತದೆ. ಅಂದರೆ ಪಾನಾ ಹಿಡಿದವರು ಮನೆಯೊಳಗಿನವರೇ.

ಪ್ರಮಿಲಾ ರಸ್ತೆಯ ತುದಿಗೆ ಹೋಗಿ ಬಾಡಿಗೆ ಗಾಡಿಗಾಗಿ ಒಬ್ಬೊಬ್ಬರಿಗೇ ಫೋನು ಮಾಡುತ್ತಿದ್ದರು. ಧೊಂಡಿಬಾ ಒಳಗೆ ಹೋದ. ಸರ್ ಬಟ್ಟೆ ಹಾಕಿಕೊಂಡು ಮಂಚದ ಮೇಲೆ ಕೂತಿದ್ದರು. ನಟ್ಟಿಗೆ ಯಾರೋ ಕೈ ಹಾಕಿದ್ದಾರೆ ಎಂದು ಇವನು ಹೇಳಿದನಷ್ಟೆ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು ಎನ್ನುತ್ತಾರಲ್ಲ, ಹಾಗೆ ಸರ್ ತಮ್ಮ ಬಲಗೈ ನೋಡಿಕೊಂಡರು. ಹತ್ತಿರ ಹೋದವನ ಮೂಗಿಗೆ ಡೀಸೆಲ್ ವಾಸನೆ ಬಡಿಯಿತು.

"ಬಾಗಲಾ ಮುಂದ ಮಾಡು, ಧೊಂಡಿಬಾ" ಅಂದರು ಸರ್. ಇವನು ಬಾಗಿಲು ಎಳೆದು ಮುಚ್ಚಿದ. "ಮೂರು ವರ್ಷ ಆತು. ವಾರದಾಗ ಎರಡು ದಿವಸ ಯಂತ್ರಕ್ಕ, ಎರಡು ದಿವಸ ಅದರ ಸುಸ್ತಿಗಿ. ಉಳದದ್ರಾಗ ಮುಂದಿನ ಸರ್ತಿದ ಅಂಜಿಕಿ. ಹೃದಯ ಸೋತದ, ಬ್ಯಾರೆ ಕಿಡ್ನಿ ಹಾಕಾಕ ಬರಂಗಿಲ್ಲ ಅಂದಾರ. ಇದು ಆರಾಮ ಆಗೂ ಬ್ಯಾನಿ ಅಲ್ಲ. ನನಗ ಸಾಕಾಗ್ಯಾದ."

ಹಾಗಾದರೆ ಅಕ್ಕೋರಿಗೆ ಹೇಳಿಬಿಡಿ ಎಂದು ಧೊಂಡಿಬಾ ಮೆಲ್ಲನೆ ಅಂದ. ಊರಲ್ಲಿ ಎಲ್ಲರೂ ಪ್ರಮಿಲಾ ಅವರನ್ನು ಕರೆಯುವುದು ಅಕ್ಕೋರು ಎಂದೇ.

"ನಾ ಒಲ್ಲೆ ಅಂದ್ರ ಆಕಿ ಅಳ್ತಾಳ. ಗಾಡಿ ಒಲ್ಲೆ ಅಂದ್ರ ಗಾಡಿಗಿ ಬೈತಾಳ" ಅಂದರು ಸರ್. "ಬೈಗಳಾ ಆದ್ರ ನಾ ಕೇಳಬಲ್ಲೆ."

ಅರ್ಧ ಸುತ್ತು ಸಾಕೆಂದು ಇವರಿಗೆ ಹೇಳಿಕೊಟ್ಟವನು ನಾನೇ ಎಂಬುದು ಧೊಂಡಿಬಾನನ್ನು ಚುಚ್ಚತೊಡಗಿತು. ಹೊರಗೆ ಬಂದು ನಟ್ಟು ಬಿಗಿದು, ಹೊಸ ಗೆರೆ ಎಳೆದು, ಕೈಪಂಪು ಒತ್ತಿ, ಗಾಡಿ ಎಬ್ಬಿಸಿ, ಓಡಿ ಬಂದ ಪ್ರಮಿಲಾರಿಗೆ ವಾಷರ್ ಕೂತಿರಲಿಲ್ಲವೆಂದು ಹೇಳಿದ. ಅವನ ಕಸುಬಿನಲ್ಲಿ ಅದು ಮೊದಲ ಸುಳ್ಳು. ಅವರು ಬೀದರ್ ತಲುಪಿದಾಗ ಏಳೂವರೆ. ಕಾಡಿ ಬೇಡಿ ಅರ್ಧ ಹೊತ್ತು ಯಂತ್ರ ಸಿಕ್ಕಿತಂತೆ.

ಗಾಡಿಯ ರೋಗ ಸಿಕ್ಕ ದಿನ ಧೊಂಡಿಬಾ ಎರಡು ರೊಟ್ಟಿ ಹೆಚ್ಚು ತಿನ್ನುವವನು. ಅಂದು ಅವನ ಹೆಂಡತಿ ಸಖುಬಾಯಿ ಬಡಿಸಿದ್ದು ಹಾಗೆಯೇ ಉಳಿಯಿತು. ಸಿಗಲಿಲ್ಲವೇನು ಎಂದು ಅವಳು ಕೇಳಿದಳು. ಸಿಕ್ಕಿತು ಅಂದ. ಮತ್ತೇನಂತೆ ಎಂದಳು. ಸಿಗಬಾರದಿತ್ತು ಎಂದು ಕೈ ತೊಳೆದುಕೊಂಡ.

ಶುಕ್ರವಾರ ಯಾರೂ ಕರೆಯದೆಯೇ ನಾಲ್ಕೂವರೆಗೆ ಆ ಮನೆಯ ಮುಂದೆ ಹೋಗಿ ನಿಂತ. ಪ್ರಮಿಲಾ ಗೇಟು ತೆಗೆದು, ಈ ದಾರಿಯಲ್ಲಿ ಬಂದೆನೆಂದು ಇವನು ಹೇಳಿದ್ದನ್ನು ನಂಬಿದವರಂತೆ ಒಳಗೆ ಚಹಾ ಇಡಲು ಹೋದರು. ಗೆರೆ ಮತ್ತೆ ಮುರಿದಿತ್ತು. ಬಿಗಿದ, ಪಂಪು ಒತ್ತಿದ, ಹಳೆಯ ಗೆರೆ ಒರೆಸಿ ಹೊಸದು ಎಳೆದ. ತಲೆ ಎತ್ತಿದರೆ ಕಿಟಕಿಯಲ್ಲಿ ಸರ್ ನಿಂತು ನೋಡುತ್ತಿದ್ದರು. ಅವರಿಗೆ ಸಿಟ್ಟು ಬಂದಿರಲಿಲ್ಲ. ಸಿಟ್ಟು ಬಂದಿದ್ದರೆ ಧೊಂಡಿಬಾನಿಗೆ ಎಷ್ಟೋ ಹಗುರವಾಗುತ್ತಿತ್ತು.

ಮುಂದಿನ ಮಂಗಳವಾರ ಅವನು ಒಂದು ರಿಪೇರಿಗೆ ಬಗದಲ್ ಊರಿಗೆ ಹೋಗಿ ಸಿಕ್ಕಿಬಿದ್ದಿದ್ದ. ಹೋಗಲಾಗಲಿಲ್ಲ. ಫೋನೂ ಬರಲಿಲ್ಲ. ಮಧ್ಯಾಹ್ನ ಅಳುಕುತ್ತ ಆ ಮನೆಗೆ ಬಂದರೆ ಕಾರು ಬೀದರಿಗೆ ಹೋಗಿ ಬಂದು ನಿಂತಿತ್ತು. ಬಾನೆಟ್ ಎತ್ತಿದ. ಗೆರೆ ಪೂರ್ತಿಯಾಗಿತ್ತು, ನೂಲು ಹಿಡಿದಂತೆ ನೇರ. ಆದರೆ ಬಣ್ಣ ಬೇರೆ. ಅವನದು ಇಟ್ಟಿಗೆ ಪುಡಿಯಂಥ ಮಂಕು ಕೆಂಪು. ಇದು ಕಣ್ಣಿಗೆ ಹೊಡೆಯುತ್ತಿತ್ತು. ಬೆರಳಿಗೆ ಹಚ್ಚಿ ಮೂಸಿ ನೋಡಿದ. ಕುಂಕುಮ, ಹರಳೆಣ್ಣೆಯಲ್ಲಿ ಕಲಸಿದ್ದು.

ಹಾಗಾದರೆ ಅಕ್ಕೋರಿಗೂ ಗೊತ್ತು. ಗಂಡ ಸಂಜೆ ಸಡಿಲಿಸಿದ್ದನ್ನು ನಾಲ್ಕಕ್ಕೆ ಎದ್ದು ಬಿಗಿಯುತ್ತಿದ್ದಾರೆ, ತಾನು ಮಾಡಿದಂತೆಯೇ ಪಂಪು ಒತ್ತುತ್ತಿದ್ದಾರೆ, ಗೆರೆಯನ್ನೂ ಎಳೆದು, ಏನೂ ತಿಳಿಯದವರಂತೆ ಗಂಡನನ್ನು ಎಬ್ಬಿಸಿ ಕರೆದೊಯ್ಯುತ್ತಿದ್ದಾರೆ. ಧೊಂಡಿಬಾ ಬಾನೆಟ್ ಹಿಡಿದುಕೊಂಡೇ ಬಹಳ ಹೊತ್ತು ನಿಂತ. ಅವನಿಗೆ ಅಳು ಬಂತು, ಅತ್ತ.

ಅಲ್ಲಿಂದ ಆರು ವಾರ ಇದೇ ನಡೆಯಿತು. ಸಂಜೆ ಒಬ್ಬರು ಬಿಚ್ಚುವುದು, ಬೆಳಿಗ್ಗೆ ಒಬ್ಬರು ಬಿಗಿಯುವುದು. ಬಿಚ್ಚಿಟ್ಟ ಗಾಡಿ ಬೆಳಿಗ್ಗೆ ಏಳುತ್ತಿದೆಯೆಂದರೆ ಬಿಗಿದವರು ಯಾರೆಂದು ಸರ್‌ಗೆ ತಿಳಿಯದೇ ಇರುತ್ತದೆಯೇ? ಮೂವತ್ತಾರು ವರ್ಷ ಒಂದೇ ಸೂರಿನಡಿ ಬಾಳಿದವರು, ಬಾಯಿ ಬಿಟ್ಟು ಒಂದು ಮಾತಾಡಲಾರದೆ ಒಂದು ನಟ್ಟಿನ ಮೇಲೆ ಜಗಳವಾಡುತ್ತಿದ್ದರು. ಧೊಂಡಿಬಾ ಆಗಾಗ ಹೋಗಿ ಚಹಾ ಕುಡಿದು ಬರುತ್ತಿದ್ದ. ಪ್ರಮಿಲಾ ಬಟ್ಟಲಿನಲ್ಲಿ ಅಳೆದು ಗಂಡನಿಗೆ ಕೊಡುತ್ತಿದ್ದರು, ಇವನಿಗೆ ಲೋಟದ ತುಂಬ ಕೊಡುತ್ತಿದ್ದರು. ಸರ್ ತಮ್ಮ ಬಟ್ಟಲು ಮುಗಿಸಿ ಇವನ ಲೋಟವನ್ನೇ ನೋಡುತ್ತಿದ್ದರು. ಇವನು ಅರ್ಧ ಚಹಾ ಬಿಟ್ಟು ಏಳುತ್ತಿದ್ದ. ಒಂದು ಶುಕ್ರವಾರ ಯಂತ್ರದ ಮೇಲಿದ್ದಾಗಲೇ ಸರ್‌ಗೆ ರಕ್ತದೊತ್ತಡ ಕುಸಿದು ಎಚ್ಚರ ತಪ್ಪಿತು. ಮನೆಗೆ ಬಂದಾಗ ಮೂರು ಮೆಟ್ಟಿಲು ಹತ್ತಲಾಗದೆ ಧೊಂಡಿಬಾನೇ ಎತ್ತಿಕೊಂಡು ಹೋಗಿ ಮಲಗಿಸಬೇಕಾಯಿತು. ಕಾಲು ಊದಿದ್ದರೂ ಮೈಯಲ್ಲಿ ಭಾರವೇ ಇರಲಿಲ್ಲ. ಅಂಥ ಸ್ಥಿತಿಯಲ್ಲೂ ಮಂಗಳವಾರ ಬೆಳಿಗ್ಗೆ ನಟ್ಟು ಸಡಿಲಾಗಿತ್ತೆಂದು ಅವನಿಗೆ ಕುಂಕುಮದ ಹೊಸ ಗೆರೆಯಿಂದ ತಿಳಿಯಿತು. ಮೆಟ್ಟಿಲು ಹತ್ತಲಾರದವರು ಬಾನೆಟ್ ಹೇಗೆ ಎತ್ತಿದರೋ.

ಅದರ ಮುಂದಿನ ಶುಕ್ರವಾರ ಫೋನು ಬಂದದ್ದು ಎಂಟು ಗಂಟೆಗೆ. ಎಂಟಕ್ಕೆ ಅವರು ಬೀದರಿನಲ್ಲಿರಬೇಕಿತ್ತು.

ಹೋದಾಗ ಬಿಸಿಲು ಅಂಗಳಕ್ಕೆ ಬಿದ್ದಿತ್ತು. ಬಾನೆಟ್ ತೆರೆದಿತ್ತು. ಪ್ರಮಿಲಾ ಅದರ ಪಕ್ಕ ನಿಂತಿದ್ದರು. ಹದಿನೇಳರ ಪಾನಾ ಬ್ಯಾಟರಿಯ ಮೇಲಿತ್ತು, ಕುಂಕುಮ ಕಲಸಿದ ಡಬ್ಬಿಯೂ ಅಲ್ಲೇ ಇತ್ತು. ನಟ್ಟಿನ ಮೇಲಿನ ಗೆರೆ ಮುರಿದೇ ಇತ್ತು. ಅವರ ಕೈಗೆ ಒಂದು ಹನಿ ಡೀಸೆಲ್ ಅಂಟಿರಲಿಲ್ಲ.

"ನಾಕಕ್ಕೇ ಎದ್ದೇನ್ರಿ" ಅಂದರು. "ಪಾನಾ ಹಿಡ್ಕೊಂಡು ಇಲ್ಲೇ ನಿಂತೆ. ಇವತ್ತ ಕೈ ತಿರುಗಲಿಲ್ಲ."

ನಿನ್ನೆ ಡಾಕ್ಟರ ಜೊತೆ ಮಾತಾಡಿದ್ದಾಗಿ, ಯಂತ್ರ ನಿಲ್ಲಿಸಿದ ಮೇಲೆ ಉಸಿರಿಗೆ ತ್ರಾಸವಾಗದಂತೆ ಮನೆಯಲ್ಲೇ ಔಷಧ ಕೊಡುವ ವ್ಯವಸ್ಥೆ ಮಾಡುತ್ತೇವೆಂದು ಅವರು ಹೇಳಿದ್ದಾಗಿ, ಮಂಜಿರಿ ಔರಾದ್‌ನಿಂದ ಹೊರಟಿದ್ದಾಗಿ ಪ್ರಮಿಲಾ ಒಂದೊಂದೇ ಹೇಳಿದರು. ತರಗತಿಯಲ್ಲಿ ಹಾಜರಿ ಕೂಗುವ ಧ್ವನಿಯಲ್ಲೇ ಹೇಳಿದರು. ಆಮೇಲೆ ಆ ಧ್ವನಿ ಕೈಕೊಟ್ಟಿತು.

"ನಾ ಹೇಳಿದ್ರ ನನ್ನ ಮಾರಿ ನೋಡಿ, ಹೋಗೂಣು ನಡಿ ಅಂದೇಬಿಡ್ತಾರ. ನೀವೇ ಹೇಳ್ರಿ ಧೊಂಡಿಬಾ ಅಣ್ಣಾ. ಗಾಡಿ ಇನ್ನ ಚಾಲೂ ಆಗಂಗಿಲ್ಲಂತ ಹೇಳ್ರಿ."

ನಟ್ಟು ಕಣ್ಣೆದುರಿಗೇ ಇತ್ತು. ಅರ್ಧ ಸುತ್ತು. ಎಂಟು ವರ್ಷದ ಮಗುವೂ ಬಿಗಿಯಬಹುದಾದದ್ದು. ಧೊಂಡಿಬಾನ ಕೈ ಅಭ್ಯಾಸಬಲದಿಂದ ಪಾನಾದ ಕಡೆ ಹೋಯಿತು. ಅವನು ಅದನ್ನು ಎತ್ತಿ ತನ್ನ ಚೀಲಕ್ಕೆ ಹಾಕಿಕೊಂಡ, ಬಾನೆಟ್ ಮುಚ್ಚಿದ, ಕಾಲು ತೊಳೆದು ಒಳಗೆ ಹೋದ.

ಸರ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮಂಚದ ಮೇಲೆ ಒರಗಿದ್ದರು, ಆಸ್ಪತ್ರೆಯ ಚೀಲ ಪಕ್ಕದಲ್ಲಿತ್ತು. ಹೊತ್ತೇರಿದ್ದು ಅವರಿಗೂ ಗೊತ್ತಿತ್ತು, ಕಣ್ಣು ಬಾಗಿಲಲ್ಲೇ ಇತ್ತು. ಧೊಂಡಿಬಾ ಆ ಚೀಲ ತೆಗೆದು ಕೆಳಗಿಟ್ಟು, ಅದರ ಜಾಗದಲ್ಲಿ ಅವರ ಬಾಜು ಕೂತ. ಇಷ್ಟು ವರ್ಷದಲ್ಲಿ ಅವರ ಸರಿಸಮ ಕೂತದ್ದು ಅದೇ ಮೊದಲು.

"ಗಾಡಿ ಇನ್ನ ಚಾಲೂ ಆಗಂಗಿಲ್ರಿ ಸರ."

ಸರ್ ಅವನ ಮುಖ ನೋಡಿದರು, ಆಮೇಲೆ ಬಾಗಿಲಲ್ಲಿ ನಿಂತ ಹೆಂಡತಿಯ ಮುಖ ನೋಡಿದರು. "ಏನಾಗ್ಯಾದ ಅದಕ್ಕ?" ಎಂದು ಕೇಳಿದರು.

"ತಿಳೀಲಿಲ್ರಿ" ಅಂದ ಧೊಂಡಿಬಾ.

ಪ್ರಮಿಲಾ ಗಾಡಿಗೆ ಬೈಯಲಿಲ್ಲ. ಅಡುಗೆಮನೆಗೆ ಹೋಗಿ ಚಹಾ ಇಟ್ಟರು. ತರುವಾಗ ಸಣ್ಣ ಬಟ್ಟಲು ತಟ್ಟೆಯಲ್ಲಿರಲಿಲ್ಲ. ಮೂರೂ ದೊಡ್ಡ ಲೋಟಗಳೇ, ಮೂರೂ ತುಂಬಿದ್ದವು. ಸರ್ ಎರಡೂ ಕೈಯಲ್ಲಿ ಲೋಟ ಹಿಡಿದು, ಆರಲು ಬಿಡದೆ ಅಷ್ಟನ್ನೂ ಕುಡಿದರು. ಕುಡಿದು, ಇನ್ನೊಂದಿಷ್ಟು ಇದೆಯೇ ಎಂದು ಕೇಳಿದರು. ಪ್ರಮಿಲಾ ತಮ್ಮ ಲೋಟದ ಚಹಾವನ್ನು ಅವರ ಲೋಟಕ್ಕೆ ಬಗ್ಗಿಸಿದರು.